ಹೊಟ್ಟೆನೋವಿಗೆ ಕೂರುವುದು

ನಮ್ಮ ಚಿತ್ರದುರ್ಗದ ಕಡೆ ಆತ್ಮಹತ್ಯೆ ಮಾಡಿಕೊಳ್ಳುವವರು ಯಾರೂ ಇಲ್ಲ. ಇಲ್ಲಿ ಎಲ್ಲರಿಗೂ ಹೊಟ್ಟೆನೋವು ಬರುತ್ತದೆ. ಮನೆಯವರು ಪೊಲೀಸರ ಮುಂದೆ ಹೊಟ್ಟೆನೋವು ಎನ್ನುತ್ತಾರೆ, ಪೊಲೀಸರು ಹಾಗೇ ಬರೆದುಕೊಳ್ಳುತ್ತಾರೆ, ಮರುದಿನ ಪತ್ರಿಕೆಯ ಒಳಪುಟದಲ್ಲಿ ‘ಹೊಟ್ಟೆನೋವು ತಾಳಲಾರದೆ’ ಎಂದು ನಾಲ್ಕು ಸಾಲು ಬರುತ್ತದೆ. ಕಾಲೇಜು ಹುಡುಗಿಯಾದರೂ ಹೊಟ್ಟೆನೋವು, ಮೊಮ್ಮಕ್ಕಳನ್ನು ಕಂಡ ಮುದುಕನಾದರೂ ಹೊಟ್ಟೆನೋವು. ಇಷ್ಟು ಹೊಟ್ಟೆ ನೋಯುವ ಜಿಲ್ಲೆಗೆ ಸರ್ಕಾರ ಊರಿಗೊಬ್ಬ ಹೊಟ್ಟೆ ಡಾಕ್ಟರನ್ನು ಕಳಿಸಬೇಕಿತ್ತು ಎಂದು ನಾನು ಸ್ನೇಹಿತರ ಮುಂದೆ ತಮಾಷೆ ಮಾಡುತ್ತಿದ್ದೆ. ಉಚ್ಚಂಗೆಮ್ಮನ ಪರಿಚಯವಾದ ಮೇಲೆ ಆ ತಮಾಷೆ ಬಿಟ್ಟೆ.

ನಾನು ದುರ್ಗೇಶ್, ಮದಕರಿಪುರದವನು. ಈಗ ಹೊಳಲ್ಕೆರೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಅದಕ್ಕೆ ಮುಂಚೆ ಚಿತ್ರದುರ್ಗದ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ನಾಯಕ ಸಮುದಾಯದ ಹಟ್ಟಿಗಳಲ್ಲಿ ಆತ್ಮಹತ್ಯೆ ತಡೆಯುವುದು ನಮ್ಮ ಯೋಜನೆ. ಮೂರು ವರ್ಷದ ಮಟ್ಟಿಗೆ ಮಾತ್ರ ತಡೆಯುವುದು, ಆಮೇಲೆ ಅವರವರೇ ನೋಡಿಕೊಳ್ಳಬೇಕು. ನನಗೆ ಬಿದ್ದ ಹಟ್ಟಿಗಳಲ್ಲಿ ಸೂರನಹಟ್ಟಿಯೂ ಒಂದು. ಜೋಗಿಮಟ್ಟಿ ಕಾಡು ಮುಗಿದು ಹಿರಿಯೂರಿನ ಕಡೆಗೆ ಬಯಲು ಬಿಚ್ಚಿಕೊಳ್ಳುವ ಜಾಗದಲ್ಲಿ ಒಂದೇ ಬೀದಿಯ ಹಟ್ಟಿ ಅದು.

ಮೊದಲ ದಿನ ಹೋದಾಗ ಸಮುದಾಯ ಭವನದ ಕಟ್ಟೆಯ ಮೇಲೆ ಹೆಂಗಸರನ್ನು ಕೂರಿಸಿಕೊಂಡು ಕಚೇರಿಯವರು ಕೊಟ್ಟ ಪ್ರಶ್ನೆಗಳನ್ನು ಓದತೊಡಗಿದೆ. ಐದನೆಯದೋ ಆರನೆಯದೋ ಪ್ರಶ್ನೆ: ‘ನಿಮಗೆ ಇತ್ತೀಚೆಗೆ ಸಾಯಬೇಕು ಅನ್ನಿಸಿದೆಯೇ?’ ಓದಿದ್ದೇ ತಡ, ಒಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಇನ್ನೊಬ್ಬಳು ಎದ್ದೇ ಹೋದಳು. ಉಳಿದವರೆಲ್ಲ ಒಟ್ಟಿಗೆ, “ಬಿಡ್ತು ಅನ್ರಿ ಸರ್, ಬಿಡ್ತು ಅನ್ರಿ” ಎಂದರು. ಕೆಟ್ಟ ಮಾತು ಆಡಿದವರೇ ಬಿಡ್ತು ಎಂದು ಅದನ್ನು ವಾಪಸು ತೆಗೆದುಕೊಳ್ಳಬೇಕು, ಇಲ್ಲವಾದರೆ ಆ ಮಾತು ಮನೆಯಲ್ಲೇ ಉಳಿಯುತ್ತದೆ. ನಾನೂ ಹಳ್ಳಿಯವನೇ, ಬಿಡ್ತು ಅಂದೆ. ಅಷ್ಟೂ ಮನೆಗಳ ಉತ್ತರ ‘ಇಲ್ಲ’ ಎಂದು ಬರೆದುಕೊಂಡು ಹೊರಟೆ.

ಜೀಪಿನ ಹತ್ತಿರ ಒಬ್ಬ ಹೆಂಗಸು ನಿಂತಿದ್ದಳು. ಐವತ್ತರ ಆಸುಪಾಸು, ಗಿಡ್ಡ ಆಳು, ಮಾತಾಡುವಾಗ ಎದುರಿನವರ ಮುಖ ಬಿಟ್ಟು ಕೈ ನೋಡುವ ಅಭ್ಯಾಸ. ಅವಳೇ ಉಚ್ಚಂಗೆಮ್ಮ.

“ಸರ್, ಹಂಗೆ ಕೇಳಿದ್ರೆ ಯಾರು ಹೇಳ್ತಾರೆ. ಹೊಟ್ಟೆನೋವು ಐತಾ ಅಂತ ಕೇಳ್ರಿ” ಎಂದಳು.

ಅವಳಿಗೆ ಅದು ಹೇಗೆ ಗೊತ್ತಾಯಿತು ಎಂಬುದನ್ನು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಅವಳಿಗೆ ಒಬ್ಬನೇ ಮಗ, ಓಬಳೇಶ. ಮದುವೆಯಾಗಿ ವರ್ಷ ತುಂಬುವುದರೊಳಗೆ ಅವನು ಜೀವ ಕಳೆದುಕೊಂಡಿದ್ದ. ಯಾಕೆ ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಸಾಲ ಇರಲಿಲ್ಲ, ಜಗಳ ಇರಲಿಲ್ಲ, ಕುಡಿತ ಇರಲಿಲ್ಲ. ಗೊತ್ತಿರುವುದು ಒಂದೇ. ಹಿಂದಿನ ದಿನ ಅವನು ದನದ ರೊಪ್ಪಕ್ಕೆ, ಅಂದರೆ ಹಟ್ಟಿಯಾಚೆ ಮುಳ್ಳುಬೇಲಿ ಹಾಕಿ ದನ ಕೂಡುವ ಜಾಗಕ್ಕೆ ಹೋಗಿ, ಅಲ್ಲಿದ್ದ ಅಪ್ಪನಿಗೆ ಹೊಟ್ಟೆ ನೋಯುತ್ತಿದೆ ಎಂದಿದ್ದ. ಅಪ್ಪ ಜಂಪಣ್ಣ ಎಲೆಅಡಿಕೆ ಚೀಲದಿಂದ ಒಂದು ಚಿಟಿಕೆ ಓಂಕಾಳು ತೆಗೆದು ಕೈಗೆ ಹಾಕಿ, ಅಗಿದು ನೀರು ಕುಡಿ ಎಂದು ಕಳಿಸಿದ್ದ.

“ಹೊಟ್ಟೆನೋವು ಅನ್ನೋದು ಸತ್ತ ಮ್ಯಾಲೆ ನಾವು ಹೇಳೋ ಸುಳ್ಳು ಅಂದ್ಕಂಡಿದ್ದೆ ಕಣಪ್ಪ” ಎಂದಿದ್ದಳು ಉಚ್ಚಂಗೆಮ್ಮ. ಅಷ್ಟು ಹೊತ್ತಿಗೆ ನಾನು ಸರ್ ಹೋಗಿ ಅಪ್ಪ ಆಗಿದ್ದೆ. “ಹುಡುಗ ಬದುಕಿದ್ದಾಗ್ಲೇ ಅದನ್ನ ಹೇಳಿದ್ದ. ಬ್ಯಾರೆ ಮಾತು ಅವನಿಗೂ ಗೊತ್ತಿರ್ಲಿಲ್ಲ.”

ಜಂಪಣ್ಣನ ವಿಷಯ ಇಲ್ಲಿ ಹೇಳಬೇಕು. ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರಿಗೆ ಬಿಟ್ಟ ದನಗಳಿರುತ್ತವೆ. ಅವಕ್ಕೆ ನೊಗ ಇಡುವುದಿಲ್ಲ, ಮಾರುವುದಿಲ್ಲ. ಅವನ್ನು ಕಾಯುವವನಿಗೆ ಕಿಲಾರಿ ಎನ್ನುತ್ತಾರೆ. ಸೂರನಹಟ್ಟಿಯ ಕಿಲಾರಿ ಜಂಪಣ್ಣ. ಬರಿಗಾಲು, ಹೆಗಲ ಮೇಲೆ ಕಂಬಳಿ, ಬಾಯಲ್ಲಿ ಮಾತೇ ಇಲ್ಲ. ದನದ ಜೊತೆ ಬೇಕಾದಷ್ಟು ಮಾತಾಡುತ್ತಾನೆ, ಮನುಷ್ಯರು ಕಂಡರೆ ಕಂಬಳಿ ಸರಿಮಾಡಿಕೊಳ್ಳುತ್ತಾನೆ. ಅವರ ಹಟ್ಟಿಯಲ್ಲಿ ಒಂದು ಪದ್ಧತಿ. ದೇವರ ಎತ್ತಿಗೆ ಕಾಯಿಲೆಯಾದರೆ ಅದನ್ನು ಒಂಟಿಯಾಗಿ ಬಿಡುವುದಿಲ್ಲ. ಮನೆಗೊಬ್ಬರಂತೆ ಪಾಳಿ ಹಾಕಿಕೊಂಡು ರೊಪ್ಪದಲ್ಲಿ ಅದರ ಪಕ್ಕ ಕೂರುತ್ತಾರೆ. ಔಷಧಿ ಕೊಡುವವನು ಕೊಡುತ್ತಾನೆ, ಉಳಿದವರ ಕೆಲಸ ಕೂರುವುದು ಮಾತ್ರ. ಎತ್ತು ಎದ್ದರೆ ಸರಿ, ಏಳದಿದ್ದರೆ ಕೊನೆಯವರೆಗೂ ಯಾರಾದರೂ ಪಕ್ಕದಲ್ಲಿರಬೇಕು.

ಓಬಳೇಶ ಹೋದ ಮೇಲೆ ಉಳಿದವಳು ಅವನ ಹೆಂಡತಿ ಅನುಸೂಯ. ಹೊಸದುರ್ಗ ತಾಲ್ಲೂಕಿನ ಬಾಗೂರಿನ ಕಡೆಯ ಹುಡುಗಿ. ತವರಿನವರು ಕರೆಯಲು ಬಂದಾಗ ಹೋಗಲಿಲ್ಲ, ಅತ್ತೆಯ ಜೊತೆಯೇ ಇರುತ್ತೇನೆ ಎಂದಳು. ತಿಥಿ ಮುಗಿದ ಮೇಲೆ ಒಂದು ಬೆಳಿಗ್ಗೆ ರಾಗಿಕಲ್ಲಿನ ಪಕ್ಕ ಕೂತವಳು ಹೊಟ್ಟೆ ಹಿಡಿದುಕೊಂಡು, “ಅತ್ತೆ, ಹೊಟ್ಟೆ ನೋಯ್ತೈತೆ” ಎಂದಳು. ಓಂಕಾಳಿನ ಡಬ್ಬಿ ಎದುರಿಗೇ ಇತ್ತು, ಉಚ್ಚಂಗೆಮ್ಮ ಮುಟ್ಟಲಿಲ್ಲ. ಒಂದು ಮೊರ ಶೇಂಗಾ ತಂದು ನಡುವೆ ಇಟ್ಟು ಸೊಸೆಯ ಎದುರು ಕೂತಳು. ಇಬ್ಬರೂ ಸುಲಿದರು. ಹೊಲಕ್ಕೆ ಹೋಗಲೇಬೇಕಾದಾಗ ಪಕ್ಕದ ಮನೆಯ ಮುದ್ದಕ್ಕನನ್ನು ಕರೆದಳು.

“ಏನಾಗೈತೆ ಹುಡುಗಿಗೆ?” ಎಂದಳು ಮುದ್ದಕ್ಕ.

“ಎತ್ತಿಗೆ ಕುಂತ್ಕಳಲ್ವಾ, ಹಂಗೆ ಕುಂತ್ಕ. ಏನೂ ಕೇಳಬ್ಯಾಡ. ಬುದ್ಧಿ ಹೇಳಬ್ಯಾಡ. ಎದ್ದು ಹೋಗಬ್ಯಾಡ.”

ಇಡೀ ಸುಗ್ಗಿ ಹಾಗೆ ಕೂತರು. ಹೊಲಕ್ಕೆ ಹೊಡೆಯುವ ಔಷಧಿಯನ್ನೆಲ್ಲ ಉಚ್ಚಂಗೆಮ್ಮ ಮನೆಯಿಂದ ಸಾಗಿಸಿ, ರೊಪ್ಪದ ಬಾಗಿಲಲ್ಲಿ ಒಂದು ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು. ದೇವರ ದನದ ಜಾಗದಿಂದ ಯಾರೂ ಏನನ್ನೂ ಕದಿಯುವುದಿಲ್ಲ. ಅನುಸೂಯ ಉಳಿದಳು. ಬರಬರುತ್ತಾ ಹೊಲಿಗೆ ಯಂತ್ರಕ್ಕೆ ಕೂತಳು, ಹಟ್ಟಿಯ ಅರ್ಧ ಹೆಂಗಸರ ರವಿಕೆ ಅವಳೇ ಹೊಲಿಯುವಂತಾಯಿತು.

ನಮ್ಮ ಯೋಜನೆ ಬಂದಾಗ ಇದೆಲ್ಲ ಬೇರೆ ಮನೆಗಳಿಗೂ ಹಬ್ಬಿ ಆಗಲೇ ನಡೆಯುತ್ತಿತ್ತು. ನಾವು ಬಂದು ಮಾಡಿದ್ದೆಂದರೆ ಅದಕ್ಕೊಂದು ಉದ್ದ ಹೆಸರು ಇಟ್ಟಿದ್ದು, ಏಳೆಂಟು ಹೆಂಗಸರ ಕೊರಳಿಗೆ ಗುರುತಿನ ಚೀಟಿ ಹಾಕಿದ್ದು, ಗೋಡೆಗೆ ಸಹಾಯವಾಣಿಯ ಪೋಸ್ಟರ್ ಅಂಟಿಸಿದ್ದು. ಸುಳ್ಳು ಹೇಳಬಾರದು, ಪ್ರಯೋಜನವೂ ಆಯಿತು. ತೀರಾ ಕಷ್ಟದಲ್ಲಿದ್ದವರನ್ನು ಜೀಪಿನಲ್ಲಿ ಚಿತ್ರದುರ್ಗಕ್ಕೆ ಮನಸ್ಸಿನ ಡಾಕ್ಟರ ಹತ್ತಿರ ಕರೆದೊಯ್ದೆವು, ಮಾತ್ರೆ ಕೊಡಿಸಿದೆವು. ಯಾರಾದರೂ ಬಂದು ಹೊಟ್ಟೆನೋವು ಎಂದರೆ ಸಾಕು, ಉಚ್ಚಂಗೆಮ್ಮ ಪಾಳಿ ಹಾಕಿಬಿಡುತ್ತಿದ್ದಳು. ಆ ಮೂರು ವರ್ಷ ಸೂರನಹಟ್ಟಿಯಲ್ಲಿ ಒಬ್ಬರೂ ಹಾಗೆ ಸಾಯಲಿಲ್ಲ. ಅದನ್ನೇ ಕಾರಣ ಮಾಡಿ, ಇಲ್ಲಿ ಸಮಸ್ಯೆ ಬಗೆಹರಿದಿದೆ ಎಂದು ಯೋಜನೆ ಮುಚ್ಚಿದರು. ಬದುಕಿಸಿದ್ದು ತಪ್ಪಾಯಿತು ಎಂಬಂತೆ. ದುರ್ಗದಲ್ಲಿ ಸಮಾರೋಪ ಮಾಡಿ ಉಚ್ಚಂಗೆಮ್ಮನಿಗೆ ಶಾಲು ಹೊದಿಸಿದರು. ಅವಳು ಅದನ್ನು ತಂದು ಗಂಡನಿಗೆ ಕೊಟ್ಟಳು, ಅವನು ಆಗ ತಾನೇ ಹುಟ್ಟಿದ್ದ ಕರುವಿಗೆ ಹೊದಿಸಿದ.

ನಾನು ಹೊಳಲ್ಕೆರೆಗೆ ಬಂದು ಅಂಗಡಿ ಹಾಕಿದೆ. ರಜೆಯ ದಿನ ಬೈಕ್ ಹತ್ತಿ ಸೂರನಹಟ್ಟಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಅಲ್ಲಿ ಕೂರುವುದು ನಡೆದೇ ಇತ್ತು, ಆದರೆ ಎಳೆದುಕೊಂಡು. ಹೆಂಗಸರು ಗಾರ್ಮೆಂಟ್ಸ್ ಬಸ್ಸು ಹತ್ತಿ ಕೆಲಸಕ್ಕೆ ಹೋಗತೊಡಗಿದ್ದರು. ಪಾಳಿಗೆ ಜನ ಸಿಗುತ್ತಿರಲಿಲ್ಲ. ಜೀಪು ಬರುವಾಗ ಗೌರವವಿದ್ದ ಕೆಲಸ ಜೀಪು ನಿಂತ ಮೇಲೆ ಉಚ್ಚಂಗೆಮ್ಮನ ಹುಚ್ಚಾಯಿತು. ಇನ್ನೊಂದು ತೊಂದರೆಯೂ ಹುಟ್ಟಿಕೊಂಡಿತ್ತು. ಯಾರ ಮನೆಯಲ್ಲಿ ಕೂತಿದ್ದಾರೆ ಎಂಬುದು ಬೀದಿಗೆಲ್ಲ ಕಾಣುತ್ತದೆ. ಸಂಬಂಧ ಹುಡುಕಿಕೊಂಡು ಬಂದವರು ಮೊದಲು ವಿಚಾರಿಸುತ್ತಿದ್ದದ್ದು, “ಹೊಟ್ಟೆನೋವಿನ ಮನೆಯೇನ್ರಿ?” ಎಂದೇ. ಉಚ್ಚಂಗೆಮ್ಮ ಯಾವುದಕ್ಕೂ ಜಗ್ಗಲಿಲ್ಲ. ಯಾರೂ ಸಿಗದ ದಿನ ತಾನೇ ಮೊರ ಎತ್ತಿಕೊಂಡು ಹೋಗುತ್ತಿದ್ದಳು.

ಅನುಸೂಯಳಿಗೆ ಮತ್ತೆ ಮದುವೆ ಮಾಡಬೇಕೆಂದು ಹೊರಟವಳೂ ಅವಳೇ. ಅವರಲ್ಲಿ ಗಂಡ ಸತ್ತವಳಿಗೆ ಉಡಿಕೆ ಮಾಡುತ್ತಾರೆ, ಸೀರೆ ಉಡಿಸಿ ಹೊಸ ಮನೆಗೆ ಕಳಿಸುತ್ತಾರೆ. ಹೊಸದುರ್ಗದ ಕಡೆಯಿಂದ ತಿಮ್ಮೇಶ್ ಎಂಬ ಲೈನ್‌ಮನ್ ಗೊತ್ತಾದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಅವನ ಮನೆಯವರು ನೋಡಲು ಬಂದ ದಿನ ಅನುಸೂಯ ತಾನೇ ಹೊಲಿದುಕೊಂಡ ಹಸಿರು ರವಿಕೆ ತೊಟ್ಟಿದ್ದಳಂತೆ. ಅವರು ಹೋದ ಮೇಲೆ ಮುದ್ದಕ್ಕನ ಮುಂದೆ, “ಲೈನ್‌ಮನ್ನರು ಕಂಬ ಹತ್ತುವಾಗ ಜೋಪಾನವಾಗಿರ್ತಾರಲ್ವಾ ಮುದ್ದಕ್ಕ” ಎಂದು ಎರಡು ಸಲ ಕೇಳಿದಳಂತೆ. ಈ ಮಾತನ್ನು ಮುದ್ದಕ್ಕ ನನಗೆ ಹೇಳಿದ್ದು ಆಮೇಲೆ, ಅಳುತ್ತಾ.

ಮರುದಿನ ಅನುಸೂಯ ಹೊಲಿಗೆ ಯಂತ್ರದಿಂದ ಎದ್ದು ಬಂದು ಗೋಡೆಗೆ ಒರಗಿದಳು.

“ಅತ್ತೆ, ಹೊಟ್ಟೆ ನೋಯ್ತೈತೆ.”

ಉಚ್ಚಂಗೆಮ್ಮ ಸೊಸೆಯ ಕೈ ನೋಡಿದಳು. ಹೊಸ ಗಂಡು ಬಂದು ನೋಡಿಕೊಂಡು ಹೋಗಿದ್ದಾನೆ, ಹಳೆಯ ಗಂಡ ನೆನಪಾಗಿದ್ದಾನೆ, ಇದು ಬಂದೇ ಬರುತ್ತದೆಂದು ತಾನು ಮೊದಲೇ ಲೆಕ್ಕ ಹಾಕಬೇಕಿತ್ತು ಎಂದುಕೊಂಡಳು. ಮೊರ ತಂದಳು. ಮುದ್ದಕ್ಕನನ್ನು ಕರೆದಳು. ಬಾಗಿಲ ಬಳಿ ಹಾಸಿದ ಚಾಪೆಯ ಮೇಲೆ ಅನುಸೂಯಳನ್ನು ಮಲಗಿಸಿ ಇಬ್ಬರೂ ಎರಡು ಕಡೆ ಕೂತರು.

ಅನುಸೂಯ ಮುದುರಿಕೊಂಡು ಮಲಗಿದ್ದಳು. ಸಂಜೆ ಹೊತ್ತಿಗೆ ವಾಂತಿ ಮಾಡಿಕೊಂಡಳು. ಹೊಟ್ಟೆಯ ಬಲಗಡೆ ಕೈಯಿಟ್ಟು ಹೇಳಿದಳು, “ಅತ್ತೆ, ಇದು ಆ ಹೊಟ್ಟೆನೋವಲ್ಲ. ನಿಜವಾದ್ದು.”

“ಹೂಂ ತಾಯಿ” ಎಂದಳು ಉಚ್ಚಂಗೆಮ್ಮ, ತಲೆ ಸವರುತ್ತಾ. “ಎಲ್ರುದೂ ನಿಜವಾದ್ದೇ.”

ಅವಳು ಅದನ್ನು ಎಷ್ಟು ಅಕ್ಕರೆಯಿಂದ ಹೇಳಿರಬಹುದು ಎಂದು ನನಗೆ ಗೊತ್ತು. ಅವಳು ಕೂತ ಮನೆಗಳಲ್ಲೆಲ್ಲ ಜನ ಇದೇ ಮಾತು ಆಡಿದ್ದರು. ಆ ಹೊಟ್ಟೆನೋವಲ್ಲ, ನನಗೇನೂ ಆಗಿಲ್ಲ, ನೀವು ಎದ್ದು ಹೋಗ್ರಿ ಎಂದೇ ಎಲ್ಲರೂ ಹೇಳುತ್ತಾರೆ. ಹೋಗ್ರಿ ಎಂದವರ ಮನೆಯಿಂದ ಏಳಬಾರದು ಎಂಬುದನ್ನು ಉಚ್ಚಂಗೆಮ್ಮ ಕಲಿತಿದ್ದಳು, ನಾನು ಆ ಕಲಿಕೆಯನ್ನೇ ಬೇರೆ ಹಟ್ಟಿಗಳಿಗೆ ಹೋಗಿ ಹೇಳಿಕೊಟ್ಟಿದ್ದೆ. ಏನೂ ಕೇಳಬಾರದು. ಬುದ್ಧಿ ಹೇಳಬಾರದು. ಎದ್ದು ಹೋಗಬಾರದು. ಅವರು ಎದ್ದು ಹೋಗಲಿಲ್ಲ, ಆಸ್ಪತ್ರೆಗೂ ಹೋಗಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಅನುಸೂಯಳ ನರಳಾಟ ತಟ್ಟನೆ ನಿಂತಿತು. “ಈಗ ಕಮ್ಮಿ ಆಗೈತೆ ಅತ್ತೆ” ಎಂದಳು. ಒಂದು ಲೋಟ ನೀರು ಕುಡಿದಳು. ಉಚ್ಚಂಗೆಮ್ಮ ಮೊರದಿಂದ ನಾಲ್ಕು ಕಾಳು ತೆಗೆದು ಅವಳ ಕೈಗೆ ಹಾಕಿದಳು, ಸುಲಿದದ್ದು. ಆ ಸಂಜೆ ಅವಳು ನನಗೆ ಫೋನ್ ಮಾಡಿ, ಹುಡುಗಿಗೆ ಹೊಟ್ಟೆನೋವು ಬಂದಿತ್ತು, ಕುಂತಿದ್ವಿ, ಹೋಯ್ತು ಎಂದು ಹೇಳಿದಳು. ಅವಳ ದನಿಯಲ್ಲಿ ಹೆಮ್ಮೆಯಿತ್ತು. ಒಳ್ಳೆಯದಾಯಿತು ಎಂದೆ ನಾನು.

ಮೂರನೆಯ ದಿನ ಮೈ ಕೆಂಡವಾಯಿತು, ಹೊಟ್ಟೆ ಹಲಗೆಯಂತೆ ಗಟ್ಟಿಯಾಯಿತು. ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು ಕರುಳಿನ ಪಕ್ಕದ ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆಗೆಲ್ಲ ಹರಡಿದೆ ಎಂದರು. ನೋವು ಕಡಿಮೆಯಾಯಿತು ಎಂದಳಲ್ಲ, ಅದು ಒಡೆದ ಗಳಿಗೆ. ಆಪರೇಷನ್ ಮಾಡಿದರು. ನಾನು ಹೊಳಲ್ಕೆರೆಯಿಂದ ಹೋಗಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಡಾಕ್ಟರು ಒಳ್ಳೆಯ ಮನುಷ್ಯರು, ಬೈಯಲಿಲ್ಲ. ನೋವು ಶುರುವಾದಾಗಲೇ ಕರೆತಂದಿದ್ದರೆ ಎಂದು ಶುರು ಮಾಡಿ, ಉಚ್ಚಂಗೆಮ್ಮನ ಮುಖ ನೋಡಿ ನಿಲ್ಲಿಸಿದರು. ಅವಳ ಸೆರಗಿನ ತುದಿಯಲ್ಲಿ ಶೇಂಗಾ ಸಿಪ್ಪೆ ಅಂಟಿಕೊಂಡೇ ಇತ್ತು.

ನಿಜವಾಗಿ ಹೊಟ್ಟೆನೋವಿನಿಂದ ಸತ್ತವಳು ಇಡೀ ಹಟ್ಟಿಯಲ್ಲಿ ಅನುಸೂಯ ಒಬ್ಬಳೇ. ಅವಳೊಬ್ಬಳನ್ನು ಯಾರೂ ನಂಬಲಿಲ್ಲ. ಮಣ್ಣಿಗೆ ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, “ಹೊಟ್ಟೆನೋವಂತೆ” ಎಂದರು. ನಾನು ಆಸ್ಪತ್ರೆಯವರು ಬರೆದುಕೊಟ್ಟದ್ದನ್ನು ಓದಿ ಹೇಳಿದೆ. ಹೂಂಗುಟ್ಟಿದರು. ಬಾಗೂರಿನಿಂದ ಬಂದ ಅವಳ ಅಣ್ಣ, ಬಲವಂತದ ಉಡಿಕೆಗೆ ನನ್ನ ತಂಗಿಯನ್ನು ಬಲಿ ಕೊಟ್ಟರು ಎಂದು ಕೂಗಾಡಿದ. ತಿಮ್ಮೇಶ್ ಕೂಡ ಬಂದಿದ್ದ, ಡ್ಯೂಟಿಯ ಬಟ್ಟೆಯಲ್ಲೇ. ಮಣ್ಣು ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದ.

“ಅಣ್ಣ, ನೀವು ಓದಿದೋರು. ನಿಜ ಹೇಳ್ರಿ. ನನ್ನ ಮ್ಯಾಲೆ ಮನಸ್ಸಿರ್ಲಿಲ್ವಾ ಆಕೆಗೆ?”

ಮನಸ್ಸಿತ್ತು ಕಣಪ್ಪ, ನೀನು ಕಂಬ ಹತ್ತುವಾಗ ಜೋಪಾನವಾಗಿರುತ್ತೀಯಾ ಎಂದು ಕೇಳಿದ್ದಳು ಎಂದೆ. ಅವನು ತಲೆಯಾಡಿಸಿದ. ನಂಬಲಿಲ್ಲ ಎಂದು ಅವನ ಕಣ್ಣಲ್ಲೇ ಕಾಣುತ್ತಿತ್ತು. ಬದುಕಬೇಕೆಂದು ಹಸಿರು ರವಿಕೆ ಹೊಲಿದುಕೊಂಡವಳು ಸಾಯಬೇಕೆಂದವಳಾಗಿ ಮಣ್ಣಿಗೆ ಹೋದಳು. ನನಗೆ ಆವತ್ತು ಬಂದಷ್ಟು ಸಿಟ್ಟು ಜನ್ಮದಲ್ಲಿ ಬಂದಿಲ್ಲ, ಯಾರ ಮೇಲೆ ಎಂದು ಮಾತ್ರ ಈಗಲೂ ತಿಳಿಯದು.

ಆಮೇಲೆ ಉಚ್ಚಂಗೆಮ್ಮ ಕೂರುವುದನ್ನು ನಿಲ್ಲಿಸಿದಳು. ಮೊರವನ್ನು ಅಟ್ಟಕ್ಕೆ ಎಸೆದಳು. ಯಾರನ್ನೂ ಏನೂ ಕೇಳುತ್ತಿರಲಿಲ್ಲ, ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದಳು. ಅವಳು ನಿಲ್ಲಿಸಿದ ಮೇಲೆ ಉಳಿದವರದ್ದು ತಾನಾಗಿ ನಿಂತಿತು. ಇನ್ನೊಂದು ಕೆಟ್ಟದ್ದೂ ಆಯಿತು. ಹಟ್ಟಿಯವರು ಹೊಟ್ಟೆನೋವು ಎಂಬ ಮಾತಿಗೇ ಹೆದರತೊಡಗಿದರು. ನಿಜವಾಗಿ ಹೊಟ್ಟೆ ನೋಯುವವರೂ ಹೇಳುತ್ತಿರಲಿಲ್ಲ, ಆ ಇನ್ನೊಂದು ನೋವಿನವರಂತೂ ಮೊದಲೇ ಹೇಳುತ್ತಿರಲಿಲ್ಲ. ಇದ್ದದ್ದು ಒಂದು ಮಾತು, ಅದೂ ಹೋಯಿತು.

ಗಂಡ ಹೆಂಡತಿ ನಡುವೆ ಏನಾಯಿತು ಎಂದು ಮುದ್ದಕ್ಕ ಹೇಳಿದಳು. ವರ್ಷಕ್ಕೆ ನಾಲ್ಕು ಮಾತಾಡುವ ಜಂಪಣ್ಣ ಒಂದು ದಿನ ಊಟದ ತಟ್ಟೆ ಸರಿಸಿ ಅಂದನಂತೆ:

“ಮಗ ಹೊಟ್ಟೆನೋವು ಅಂದ, ನಾನು ಓಂಕಾಳು ಕೊಟ್ಟೆ. ಸೊಸೆ ಹೊಟ್ಟೆನೋವು ಅಂದ್ಲು, ನೀನು ಶೇಂಗಾ ಕೊಟ್ಟೆ. ಈ ಮನೇಲಿ ಯಾರಿಗೂ ಕಿವಿ ಇಲ್ಲ.”

ಅಂದಿನಿಂದ ಜಂಪಣ್ಣ ರೊಪ್ಪದಲ್ಲೇ ಮಲಗತೊಡಗಿದ.

ಇದಾದ ಮೇಲೆ ನಾನು ಹಟ್ಟಿಗೆ ಹೋದದ್ದು ಒಂದು ಸೋಮವಾರ ಬೆಳಿಗ್ಗೆ. ಹಿಂದಿನ ದಿನ ಹಟ್ಟಿಯ ಹಿರಿಯ ದೇವರ ಎತ್ತು ಸತ್ತಿತ್ತು. ಅದಕ್ಕೆ ವಾರದಿಂದ ಕಾಯಿಲೆ. ಇಡೀ ಹಟ್ಟಿ ಪಾಳಿಯ ಮೇಲೆ ಕೂತಿತ್ತು, ಗಾರ್ಮೆಂಟ್ಸಿಗೆ ಹೋಗುವವರೂ ರಜೆ ಹಾಕಿ ಬಂದು ಕೂತಿದ್ದರು. ಹೊಸ ಬಟ್ಟೆ ಹೊದಿಸಿ, ಉರುಮೆ ಬಾರಿಸಿ, ಮನುಷ್ಯರನ್ನು ಮಣ್ಣು ಮಾಡುವಂತೆ ಮಣ್ಣು ಮಾಡಿದ್ದರು. ಉಚ್ಚಂಗೆಮ್ಮ ಬಾಗಿಲಲ್ಲಿ ನಿಂತು ನನಗೆ ಇದನ್ನೆಲ್ಲ ಹೇಳಿದಳು.

“ಎತ್ತಿಗೆ ಎಲ್ರೂ ಬಂದ್ರು ನೋಡಪ್ಪ. ಎತ್ತಿನ ಮನೆಗೆ ಸಂಬಂಧ ಕೇಳ್ಕಂಡು ಯಾರೂ ಬರಲ್ಲವಲ್ಲ.”

ಅಷ್ಟರಲ್ಲಿ ಜಂಪಣ್ಣ ರೊಪ್ಪದ ಕಡೆಯಿಂದ ಬಂದ. ನನ್ನನ್ನು ಕಂಡು ಕಂಬಳಿ ಸರಿಮಾಡಿಕೊಳ್ಳಲಿಲ್ಲ. ಕಂಬಳಿಯೇ ಇರಲಿಲ್ಲ. ಹೊಸ್ತಿಲ ಹೊರಗೆ ನಿಂತು, ಗೋಡೆಯ ಕಡೆ ಮುಖ ಮಾಡಿ ಹೇಳಿದ:

“ಉಚ್ಚಂಗಿ, ಹೊಟ್ಟೆ ನೋಯ್ತೈತೆ ಕಣೇ.”

ಉಚ್ಚಂಗೆಮ್ಮ ಗಂಡನ ಕೈ ನೋಡಿದಳು, ಆಮೇಲೆ ಎಂದೂ ಇಲ್ಲದಂತೆ ಮುಖ ನೋಡಿದಳು. ಹತ್ತಿರ ಹೋಗಿ ಅವನ ಅಂಗಿಯೊಳಗೆ ಕೈಹಾಕಿ ಹೊಟ್ಟೆ ಒತ್ತಿದಳು, ಬಲಗಡೆ, ಎಡಗಡೆ, ನಡುವೆ. ಇಲ್ಲಿ ನೋಯ್ತೈತಾ, ಇಲ್ಲಿ ನೋಯ್ತೈತಾ ಎಂದು ಕೇಳಿದಳು. ಹಣೆ ಮುಟ್ಟಿ ನೋಡಿದಳು. ಅವನು ಎಲ್ಲದಕ್ಕೂ ಇಲ್ಲ ಎಂದು ತಲೆಯಾಡಿಸಿದ.

“ಹಂಗಾದ್ರೆ ಯಾವ ಹೊಟ್ಟೆನೋವು?”

ಅವನು ಮತ್ತೆ ಗೋಡೆಯ ಕಡೆ ತಿರುಗಿದ.

“ಬಾಯಿಬಿಟ್ಟು ಹೇಳು. ನಿನಗೆ ಸಾಯ್ಬೇಕು ಅನ್ನಿಸ್ತೈತಾ?”

ಐದಾರು ವರ್ಷದ ಹಿಂದೆ ಅದೇ ಹಟ್ಟಿಯ ಕಟ್ಟೆಯ ಮೇಲೆ ನಾನು ಓದಿದ ಪ್ರಶ್ನೆ. ಆವತ್ತು ಕಾಗದದಿಂದ ಓದಿದ್ದೆ, ಉತ್ತರ ಬರೆದುಕೊಳ್ಳುವ ಅವಸರವೂ ಇತ್ತು. ಇವಳು ಗಂಡನ ಹೊಟ್ಟೆಯ ಮೇಲಿಟ್ಟ ಕೈ ತೆಗೆಯದೆ ಕೇಳಿದಳು. ಜಂಪಣ್ಣ ಬೆಚ್ಚಿಬಿದ್ದ. ದೇವರ ದನ ಕಾಯುವವನು, ಅಂಥ ಮಾತು ಕಿವಿಗೆ ಬೀಳಲೇಬಾರದು.

“ಬಿಡ್ತು ಅನ್ನೇ” ಎಂದ.

“ಅನ್ನಲ್ಲ.”

“ಬಿಡ್ತು ಅನ್ನು ಉಚ್ಚಂಗಿ. ಮನೆ ಬಾಗಿಲಾಗೆ ನಿಂತ್ಕಂಡು...”

“ಅನ್ನಲ್ಲ. ಇಬ್ರು ಹೋದ್ರು ಈ ಬಾಗಿಲಾಗೆ. ಬಿಡ್ತು ಅಂದಂದೇ ಹೋಗಿದ್ದು. ನೀನು ಹೂಂ ಅನ್ನು, ಇಲ್ಲ ಉಹೂಂ ಅನ್ನು. ಹೂಂ ಅಂದ್ರೂ ನಾನು ಹೆದರಲ್ಲ.”

ಹೆದರಿದ್ದಳು. ಬೀದಿಯಲ್ಲಿ ನೀರು ಹೊತ್ತು ಹೋಗುತ್ತಿದ್ದ ಇಬ್ಬರು ನಿಂತರು. ಜಂಪಣ್ಣ ಗೋಡೆ ನೋಡುತ್ತಲೇ, ದನಕ್ಕೆ ಉತ್ತರ ಕೊಡುವ ದನಿಯಲ್ಲಿ, “ಹೂಂ” ಎಂದ. ಅಂದದ್ದೇ ಜಗಲಿಯ ಮೇಲೆ ಕುಸಿದ. ಅರವತ್ತು ದಾಟಿದ ಗಂಡಸು ಅಷ್ಟು ದೊಡ್ಡದಾಗಿ ಅತ್ತದ್ದನ್ನು ನಾನು ಕಂಡಿರಲಿಲ್ಲ. ಓಂಕಾಳು, ಓಂಕಾಳು ಎನ್ನುತ್ತಿದ್ದ, ಬೇರೇನೂ ತಿಳಿಯುತ್ತಿರಲಿಲ್ಲ.

ಉಚ್ಚಂಗೆಮ್ಮ ಅವನ ಪಕ್ಕ ಕೂತಳು. ನನ್ನ ಕಡೆ ನೋಡದೆ ಕೆಲಸ ಹೇಳಿದಳು. ನಾಳೆ ಬೆಳಿಗ್ಗೆ ದುರ್ಗದ ಮನಸ್ಸಿನ ಡಾಕ್ಟರ ಹತ್ತಿರ ಹೋಗಬೇಕು, ಗಾಡಿ ನೋಡು. ರೊಪ್ಪದ ಪೆಟ್ಟಿಗೆಯ ಬೀಗದ ಕೈ ಇವನ ಉಡಿದಾರದಲ್ಲಿದೆ, ಬಿಚ್ಚಿ ಮುದ್ದಕ್ಕನಿಗೆ ಕೊಡು. ಮುದ್ದಕ್ಕನಿಗೆ ಬರಲು ಹೇಳು.

“ಏನು ಅಂತ ಹೇಳ್ಲಿ?” ಎಂದೆ. ಹೊಟ್ಟೆನೋವು ಎನ್ನಲು ನನಗೆ ನಾಲಗೆ ಬರಲಿಲ್ಲ.

“ಇರೋದನ್ನೇ ಹೇಳು. ನನ್ನ ಗಂಡಗೆ ಸಾಯ್ಬೇಕು ಅನ್ನಿಸ್ತೈತಂತೆ, ಕೂರಾಕೆ ಬಾ ಅಂತ ಹೇಳು.”

ಹೇಳಿದೆ. ಮುದ್ದಕ್ಕ ರೊಟ್ಟಿ ತಟ್ಟುತ್ತಿದ್ದಳು. ಕೈ ಅಲ್ಲೇ ನಿಂತಿತು, ಬಿಡ್ತು ಎನ್ನಲು ಬಾಯಿ ತೆರೆದಳು. ಎನ್ನಲಿಲ್ಲ. ಹಿಟ್ಟಿನ ಕೈ ತೊಳೆದುಕೊಂಡು, ತನ್ನ ಮನೆಯ ಮೊರವನ್ನು ಎತ್ತಿಕೊಂಡು ಬಂದಳು. ನೀರು ಹೊತ್ತು ನಿಂತಿದ್ದವರಲ್ಲಿ ಒಬ್ಬಳು ಸರಸರನೆ ಹೋಗಿಬಿಟ್ಟಳು. ಇನ್ನೊಬ್ಬಳು ಕೊಡವನ್ನು ಜಗಲಿಯ ಮೇಲೆ ಇಳಿಸಿದಳು.

ಕೂರುವುದು ಉಳಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಹಾಗೆ ಬಿಚ್ಚಿ ಹೇಳಿದರೆ ನಾಳೆ ಆ ಮನೆಗೆ ಯಾರೂ ಬರದೆಯೂ ಇರಬಹುದು. ಅನುಸೂಯಳಂತೂ ವಾಪಸು ಬರುವುದಿಲ್ಲ. ನಾನು ಬೈಕಿನ ಕೀ ಹಿಡಿದು ಅಂಗಳದಲ್ಲೇ ನಿಂತಿದ್ದೆ, ಹೊರಡುವುದೋ ಇರುವುದೋ ತಿಳಿಯದೆ. ಉಚ್ಚಂಗೆಮ್ಮ ಮೊರವನ್ನು ನನ್ನ ಕಡೆಗೂ ಸ್ವಲ್ಪ ನೂಕಿದಳು.

“ನಿಂತ್ಕಂಡು ಏನ್ ಮಾಡ್ತೀಯ, ಕುಂತ್ಕ” ಎಂದಳು.